ಸುದ್ದಿಯ ವಿದ್ಯೆ, ಕೂಲಿಯ ಕೆಲಸ

ಸುದ್ದಿಗೆಂದು ಕಲಿತ ವಿದ್ಯೆಯನ್ನು ಕೂಲಿಗೆ ಹಚ್ಚಬಹುದೇ? ಮೊಬೈಲಿನಲ್ಲಿ ಒಬ್ಬನೇ ಚಿತ್ರ ತೆಗೆದು, ಧ್ವನಿ ಹಿಡಿದು, ಜೋಡಿಸುವುದನ್ನು ನಾನು ಬಲ್ಲೆನು. ಕಳೆದ ಸುಗ್ಗಿಯಲ್ಲಿ ಬೇಳೆ ವ್ಯಾಪಾರಿಯೊಬ್ಬರು ಎರಡು ಸಾವಿರ ರೂಪಾಯಿಗೆ ಜಾಹೀರಾತು ಮಾಡಿಕೊಡೆಂದರು. ಗಿರಣಿಯ ಸದ್ದಿನಲ್ಲಿ ಮಾತು ಕೇಳದೆಂದು ಅವರನ್ನು ಬೇವಿನ ನೆರಳಿಗೆ ಕರೆತಂದೆನು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಹೆಸರನ್ನು ಹೊರಗಿನಿಂದ ತರಿಸಿದ ಬೇಳೆಗೂ ಹಚ್ಚಬೇಕೆಂದರು. ನನ್ನ ಕೈ ನಿಂತಿತು.

ಸಂಜೆ ಕೊಡ್ಲಿಯ ಮನೆಯಲ್ಲಿ ಅಪ್ಪನನ್ನು ಕೇಳಿದೆನು. ಅವನು ಶಾಲೆ ಕಂಡವನಲ್ಲ. ಹೊಲದ ಕೂಲಿಯಿಂದಲೇ ನನ್ನನ್ನು ಓದಿಸಿದವನು. “ಹೊಲದಾಗ ಕಸ ಬಿಟ್ಟು ಎಂದೂ ಕೂಲಿ ತಗೊಂಡಿಲ್ಲ ನೋಡಪಾ” ಎಂದನು.

ಮರುದಿನ ಆ ಮಾತೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಟ್ಟೆನು. ಅರ್ಧ ಹಣವಷ್ಟೇ ಬಂದಿತು. ಅಪ್ಪನ ಕೈಯಲ್ಲಿಟ್ಟೆನು, ಅವನು ಎಣಿಸಲಿಲ್ಲ.