ಮೂರೂವರೆ ಗಂಟೆಯ ದೂರ

ಭೂಪಟ ಬಿಡಿಸಿ ಕುಳಿತಿದ್ದ ಮಗ ಮೊನ್ನೆ, "ಉಮ್ಮಾ, ದುಬೈಗೆ ಎಷ್ಟು ದೂರ?" ಎಂದು ಕೇಳಿದ. ಮಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು 2,460 ಕಿಲೋಮೀಟರ್, ವಿಮಾನದಲ್ಲಿ ಹೆಚ್ಚುಕಡಿಮೆ ಮೂರೂವರೆ ಗಂಟೆ ಎಂದೆ. ಹೇಳಿದ ಮೇಲೆ ಆ ಉತ್ತರ ನನಗೇ ಅರ್ಧವೆನಿಸಿತು.

ಆ ದಾರಿಯಲ್ಲಿ ನಾನೂ ಒಮ್ಮೆ ಹೋಗಿದ್ದೇನೆ. ಬಜ್ಪೆಯ ಗುಡ್ಡದಿಂದ ಮೇಲೇರಿದ ವಿಮಾನ ಸ್ವಲ್ಪ ಹೊತ್ತಿನಲ್ಲೇ ಅರಬ್ಬೀ ಸಮುದ್ರದ ಮೇಲಿತ್ತು. ಆಮೇಲೆ ಬರೀ ನೀರು. ಕೊನೆಗೆ ಒಮಾನಿನ ಒಣ ಬೆಟ್ಟಗಳು ಕಂಡವು. ಬೆಳಿಗ್ಗೆ ಎಂಟಕ್ಕೆ ಹೊರಟವರು ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಹತ್ತು ಗಂಟೆ! ದುಬೈಯ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಆದ್ದರಿಂದ ಹೋಗುವಾಗ ಎರಡೇ ಗಂಟೆ ಕಳೆದಂತೆ, ಬರುವಾಗ ಐದು ಗಂಟೆ ಕಳೆದಂತೆ ಕಾಣುತ್ತದೆ. ನಿಜದಲ್ಲಿ, ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಬರುವ ಪ್ರಯಾಣವೇ ತುಸು ಬೇಗ ಮುಗಿಯುತ್ತದೆ.

2006ರವರೆಗೆ ಬಜ್ಪೆಯಿಂದ ದುಬೈಗೆ ನೇರ ವಿಮಾನ ಇರಲಿಲ್ಲ. ನಮ್ಮ ಹಿರಿಯರು ಬಸ್ಸಿನಲ್ಲಿ ಸುಮಾರು 900 ಕಿಲೋಮೀಟರ್ ದೂರದ ಮುಂಬೈ ಸೇರಿ, ಅಲ್ಲಿ ದಿನಗಟ್ಟಲೆ ಕಾದು ವಿಮಾನ ಹತ್ತುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಆ ದಾರಿ ಸ್ವಲ್ಪ ಹಗುರವಾಯಿತು. ಅದಕ್ಕೆ ಹೋಲಿಸಿದರೆ ಈಗಿನ ಮೂರೂವರೆ ಗಂಟೆ ದೊಡ್ಡ ಅನುಗ್ರಹವೇ.

ಆದರೆ ನಾಲ್ಕು ವರ್ಷಗಳ ಹಿಂದೆ ನಮ್ಮ ತಂದೆ ಸುಬಹಿಯ ಹೊತ್ತಿಗೆ ತೀರಿಕೊಂಡರು. ತಮ್ಮ ದುಬೈಯಲ್ಲಿದ್ದ. "ಮೂರೂವರೆ ಗಂಟೆ ತಾನೇ, ಅಸರ್‌ಗೆ ಮುಂಚೆ ತಲುಪುತ್ತಾನೆ" ಎಂದು ನಾವೆಲ್ಲ ಲೆಕ್ಕ ಹಾಕಿದೆವು. ರಜೆ ಸಿಗಬೇಕು, ಟಿಕೆಟು ಸಿಗಬೇಕು, ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಬೆಳಗಿನ ವಿಮಾನದಲ್ಲಿ ಸೀಟು ಸಿಗಲಿಲ್ಲ. ಸಂಜೆ ಹೊರಟು, ಬಜ್ಪೆಯಲ್ಲಿ ಇಳಿದು, ಬೆಳ್ತಂಗಡಿಯ ನಮ್ಮ ಮನೆ ಸೇರುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಮಯ್ಯತ್ತನ್ನು ಅಷ್ಟು ಹೊತ್ತು ಇರಿಸಿಕೊಳ್ಳುವುದು ಸರಿಯಲ್ಲವೆಂದು ಅಸರ್ ಬಳಿಕ ಜನಾಝ ನಮಾಝ್ ಮುಗಿಸಿ ದಫನ ಮಾಡಲಾಗಿತ್ತು. ತಮ್ಮ ಮನೆಯೊಳಗೆ ಬರಲಿಲ್ಲ. ಬ್ಯಾಗನ್ನು ಜಗಲಿಯಲ್ಲಿಟ್ಟು, ಮೊಬೈಲಿನ ಬೆಳಕಿನಲ್ಲಿ ಕಬರಸ್ತಾನಕ್ಕೆ ನಡೆದ.

ಗಲ್ಫಿನಲ್ಲಿ ಮಕ್ಕಳಿರುವ ಮನೆಯವರಿಗೆ ನನ್ನದೊಂದು ಮಾತು. ಅವರ ಪಾಸ್‌ಪೋರ್ಟಿನ ಅವಧಿ ಮುಗಿಯದಂತೆ ನೆನಪಿಸುತ್ತಿರಿ. ತುರ್ತು ಟಿಕೆಟಿಗೆಂದು ಸ್ವಲ್ಪ ಹಣ ಬೇರೆಯಾಗಿ ಇರಲಿ. ಹಿರಿಯರು ಹುಷಾರಿಲ್ಲದಿದ್ದರೆ, "ಅವನಿಗೇಕೆ ಚಿಂತೆ" ಎಂದು ಮುಚ್ಚಿಡಬೇಡಿ. ನಾವು ಮಾಡಿದ ತಪ್ಪು ಅದೇ.

ಶಾಲೆಯ ಮೆಟ್ಟಿಲು ಹತ್ತದ ನನ್ನ ಉಮ್ಮನಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ. ಆದರೆ ಪ್ರತಿ ರಾತ್ರಿ ಗೋಡೆ ಗಡಿಯಾರ ನೋಡಿ, ಒಂದೂವರೆ ಗಂಟೆ ಕಳೆದು, "ಈಗ ಅವನು ಕೆಲಸದಿಂದ ಬಂದಿರುತ್ತಾನೆ, ಫೋನು ಹಚ್ಚು" ಎನ್ನುತ್ತಾರೆ. ಆ ಲೆಕ್ಕ ಒಂದು ದಿನವೂ ತಪ್ಪಿಲ್ಲ.