ಮೇಷ್ಟ್ರ ಮಗ ಎಲ್ಲಿ ಓದಿದ?

ಮೂವತ್ತೇಳು ವರ್ಷ ಮೇಷ್ಟ್ರಾಗಿದ್ದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿರುತ್ತದೆ. ಪ್ರಶ್ನೆ ಕೇಳುವ ಹಕ್ಕು ತನ್ನದು, ಉತ್ತರ ಹೇಳುವ ಪಾಡು ಎದುರಿಗೆ ಕುಳಿತವರದು ಎಂದು ಅವನು ನಂಬಿರುತ್ತಾನೆ. ನಿವೃತ್ತನಾದ ಮೇಲೆ ಎದುರಿಗೆ ಕೂರುವವರು ಯಾರೂ ಇರುವುದಿಲ್ಲ. ನಂಬಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಹಾಲಿನ ಡೇರಿಗೆ ಬಂದವರನ್ನು, ಅಂಚೆಯವನನ್ನು, ಬಸ್ಸಿಗೆ ಕಾಯುವ ಹುಡುಗರನ್ನು ಪ್ರಶ್ನೆ ಕೇಳುತ್ತಾ ಅವನು ಹೊತ್ತು ಕಳೆಯುತ್ತಾನೆ. ನನ್ನ ಈ ಚಾಳಿ ಕಳೆದ ವರ್ಷ ಫೆಬ್ರವರಿಯ ಒಂದು ಸಂಜೆ ಥಟ್ಟನೆ ಬಿಟ್ಟುಹೋಯಿತು. ಬಿಡಿಸಿದವಳು ನಮ್ಮೂರ ಶಾಲೆಯ ಬಿಸಿಯೂಟದ ಅಡುಗೆಯಾಕೆ.

ನಮ್ಮೂರು ಹಾಸನ ಜಿಲ್ಲೆಯ ಒಂದು ಚಿಕ್ಕ ಹಳ್ಳಿ. 1962ರಲ್ಲಿ ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ತಂದು ಸೇರಿಸಿದಾಗ ಇಲ್ಲಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ, ನಾಡಹೆಂಚಿನ ಮಾಡು. ಆಮೇಲೆ ಅದು ಬೆಳೆಯಿತು. 1987ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಪ್ಪುಹಲಗೆ ಯೋಜನೆಯಿಂದ ಎರಡನೆಯ ಕೋಣೆ ಎದ್ದಿತು. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ನಮ್ಮ ಕಡೆಗೂ ಬಂದು ಅಡುಗೆಮನೆಯಾಯಿತು. ನಲಿ ಕಲಿ ಬಂದ ಮೇಲೆ ಕೋಣೆಯೊಳಗೆ ಮಕ್ಕಳ ಚಿತ್ರಗಳನ್ನು ನೇತುಹಾಕುವ ದಾರದ ಚಪ್ಪರ ಬಂತು. ನಮ್ಮ ನಾಡಿನ ಪ್ರಾಥಮಿಕ ಶಿಕ್ಷಣದ ಚರಿತ್ರೆ ಬೇಕಾದವರು ಪುಸ್ತಕ ತೆರೆಯಬೇಕಾಗಿಲ್ಲ; ಇಂಥ ಒಂದು ಊರಶಾಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಸಾಕು.

ಎಲ್ಲವೂ ಬಂದಿತ್ತು, ಮಕ್ಕಳು ಮಾತ್ರ ಹೋಗಿದ್ದರು. ಕಳೆದ ವರ್ಷ ಐದು ತರಗತಿಗಳಿಗೂ ಸೇರಿ ಇದ್ದವರು 11 ಜನ. ಬೆಳಿಗ್ಗೆ ಎಂಟು ಗಂಟೆಗೆ ಅರಳಿಕಟ್ಟೆಯ ಹತ್ತಿರ ಹಳದಿ ವ್ಯಾನು ನಿಲ್ಲುತ್ತಿತ್ತು; ಟೈ ಕಟ್ಟಿದ 19 ಮಕ್ಕಳು ಅದರೊಳಗೆ ತುಂಬಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಿದ್ದರು. ವ್ಯಾನು ಹೋದ ಮೇಲೆ ಎದ್ದ ಧೂಳು ಅಡಗಿದಾಗ ಉಳಿದ 11 ಮಕ್ಕಳು ನಡೆದು ಶಾಲೆಗೆ ಬರುತ್ತಿದ್ದರು.

ಜನವರಿಯಲ್ಲಿ ಸುದ್ದಿ ಹಬ್ಬಿತು: ಮುಂದಿನ ವರ್ಷ ನಮ್ಮ ಶಾಲೆಯನ್ನು ಎರಡೂವರೆ ಕಿಲೋಮೀಟರ್ ಆಚೆಯ ಊರಿನ ಶಾಲೆಗೆ ಸೇರಿಸಿಬಿಡುತ್ತಾರಂತೆ. ಸುದ್ದಿಯ ಹಿಂದೆಯೇ ಮಕ್ಕಳ ಸಂಖ್ಯೆಯನ್ನು ಕೇಳಿ ಒಂದು ಪತ್ರವೂ ಬಂತು. ಆ ಊರಿಗೂ ನಮ್ಮೂರಿಗೂ ನಡುವೆ ಒಂದು ಹಳ್ಳ, ಲಾರಿಗಳು ಓಡಾಡುವ ಒಂದು ಟಾರು ರಸ್ತೆ.

ಶಾಲೆಗೆ ಇದ್ದದ್ದು ಒಬ್ಬರೇ ಶಿಕ್ಷಕಿ, ಬೇರೆ ಜಿಲ್ಲೆಯ ಹುಡುಗಿ. ಒಂದು ಸಂಜೆ ನಮ್ಮ ಮನೆಗೆ ಬಂದು, “ಸಾರ್, ಪೋಷಕರ ಸಭೆ ಕರೆದಿದ್ದೀನಿ. ನಾನು ಹೇಳಿದರೆ ಕೆಲಸ ಉಳಿಸಿಕೊಳ್ಳೋಕೆ ಹೇಳ್ತಾಳೆ ಅಂತಾರೆ. ನೀವು ಊರಿನವರು, ನೀವೇ ನಾಲ್ಕು ಮಾತು ಹೇಳಬೇಕು” ಎಂದರು. ಮೇಷ್ಟ್ರಾದವನಿಗೆ ಇದಕ್ಕಿಂತ ದೊಡ್ಡ ಆಮಿಷ ಉಂಟೆ? ನಾಲ್ಕು ಮಾತಿಗೆ ನಾಲ್ಕು ದಿನ ಸಿದ್ಧತೆ ಮಾಡಿಕೊಂಡೆ.

ಸಭೆಗೆ ಮೂವತ್ತು ಜನ ಬಂದಿದ್ದರು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಜಗಲಿಯಲ್ಲಿ ಚಾಪೆಯ ಮೇಲೆ. ನಾನು ಬುಡದಿಂದಲೇ ಹಿಡಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲೇ ಮೈಸೂರು ಸಂಸ್ಥಾನ ಕಡ್ಡಾಯ ಶಿಕ್ಷಣದ ಕಾಯಿದೆ ಮಾಡಿದ್ದನ್ನು ಹೇಳಿದೆ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ನೆರೆಹೊರೆಯ ಶಾಲೆ ಎಂಬ ಮಾತು ಹೇಳಿತು. ಬಡವನ ಮಗುವೂ ಸಾಹುಕಾರನ ಮಗುವೂ ಒಂದೇ ಶಾಲೆಯಲ್ಲಿ ಕೂತರೆ ಸಾಹುಕಾರನೂ ಆ ಶಾಲೆಯ ಸೂರು ಸೋರದಂತೆ ನೋಡಿಕೊಳ್ಳುತ್ತಾನೆ ಎಂಬುದು ಅದರ ತಿರುಳು ಎಂದು ವಿವರಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಗೆ ನಮ್ಮ ರಾಜ್ಯ 2012ರಲ್ಲಿ ಮಾಡಿದ ನಿಯಮಗಳ ಪ್ರಕಾರ ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕು ಎಂದು ಮೇಜು ಕುಟ್ಟಿ ಹೇಳಿದೆ. ಕೊನೆಗೆ, “ನಮ್ಮ ಶಾಲೆಯನ್ನು ನಾವೇ ಬಿಟ್ಟರೆ ಇನ್ನು ಯಾರು ಉಳಿಸುತ್ತಾರೆ?” ಎಂದು ಪ್ರಶ್ನೆ ಎಸೆದು, ಉತ್ತರಕ್ಕಾಗಿ ಅಲ್ಲ, ಚಪ್ಪಾಳೆಗಾಗಿ ನಿಂತೆ.

ಚಪ್ಪಾಳೆಯ ಬದಲು ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು. “ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡಿ. ನಿಮ್ ಮಗ ಯಾವ ಸ್ಕೂಲಲ್ಲಿ ಓದಿದ್ದು?”

ಅಡುಗೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಮುಖದಲ್ಲಿ ಕುಹಕವೇನೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

1994ರಲ್ಲಿ ನನ್ನ ಮಗನಿಗೆ ಆರು ವರ್ಷ. ನಾನು ಆಗ ಇಲ್ಲಿಂದ ಹನ್ನೆರಡು ಮೈಲಿ ದೂರದ ಸರ್ಕಾರಿ ಶಾಲೆಯ ಮೇಷ್ಟ್ರು. ಅವನನ್ನು ನನ್ನ ಶಾಲೆಗೂ ಸೇರಿಸಲಿಲ್ಲ, ಊರ ಶಾಲೆಗೂ ಸೇರಿಸಲಿಲ್ಲ. ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗೆ ಸೇರಿಸಿದೆ. ನೆಂಟರು ಕೇಳಿದಾಗ ಹೇಳಲು ಹತ್ತು ಕಾರಣಗಳಿದ್ದವು. ನಿಜವಾದ ಕಾರಣ ಒಂದೇ. ಸರ್ಕಾರಿ ಶಾಲೆಯ ಒಳಗು ನನಗೆ ಗೊತ್ತಿತ್ತು. ಮೂರು ತರಗತಿಗೆ ಒಬ್ಬನೇ ಮೇಷ್ಟ್ರು; ಅವನನ್ನೂ ಚುನಾವಣೆ, ಜನಗಣತಿ, ಹತ್ತಾರು ಮೀಟಿಂಗು ಎಂದು ಎಳೆದುಕೊಂಡು ಹೋದರೆ ಮಕ್ಕಳು ಮಗ್ಗಿ ಬರೆಯುತ್ತಾ ಕೂರಬೇಕು. ಆ ಮೇಷ್ಟ್ರು ನಾನೇ. ರೋಗ ಏನೆಂದು ಗೊತ್ತಿದ್ದ ವೈದ್ಯ ತನ್ನ ಮಗನನ್ನು ಬೇರೆ ಊರಿಗೆ ಕಳಿಸಿ, ರೋಗಿಯ ಹತ್ತಿರ ಸಂಬಳ ಎಣಿಸಿಕೊಳ್ಳುತ್ತಾ ಕೂತಿದ್ದ. ನನ್ನ ಸಹೋದ್ಯೋಗಿಗಳಲ್ಲಿ ಬಹುಮಂದಿ ಹೀಗೆಯೇ ಮಾಡಿದರು. 2015ರ ಆಗಸ್ಟಿನಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯ, ಸರ್ಕಾರದ ಸಂಬಳ ತಿನ್ನುವವರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ಏರ್ಪಾಡು ಮಾಡಬೇಕೆಂದು ಉತ್ತರ ಪ್ರದೇಶಕ್ಕೆ ಆದೇಶಿಸಿದಾಗ ನಾನಿನ್ನೂ ನೌಕರಿಯಲ್ಲಿದ್ದೆ. ಪತ್ರಿಕೆಯಲ್ಲಿ ಅದನ್ನು ಓದಿ ನಾವು ಮೇಷ್ಟ್ರುಗಳೆಲ್ಲ “ಭಲೆ, ಒಳ್ಳೆಯ ತೀರ್ಪು” ಎಂದೆವು. ಉತ್ತರ ಪ್ರದೇಶ ದೂರವಿದೆಯೆಂಬ ಸಮಾಧಾನದಿಂದ.

ಇದಿಷ್ಟನ್ನೂ ಆ ಸಂಜೆ ಸಭೆಯಲ್ಲಿ ಹೇಳಿದೆ. ಇಷ್ಟು ನಯವಾಗಿ ಅಲ್ಲ, ತಡವರಿಸಿಕೊಂಡು ಹೇಳಿದೆ. ಹೇಳಿ ಕುಳಿತೆ. ಸಿದ್ಧಮಾಡಿಕೊಂಡ ಭಾಷಣದಿಂದ ಆಗದ ಕೆಲಸ ಇದರಿಂದ ಆಯಿತು. ಜನ ಮಾತಾಡಲು ಶುರುಮಾಡಿದರು.

ಒಬ್ಬ ತಂದೆ, “ನಮಗೂ ಆಸೆಯಾ ಮೇಷ್ಟ್ರೇ? ಒಂದು ಹಸೀನ ಹಾಲಿನ ದುಡ್ಡು ಪೂರಾ ವ್ಯಾನಿಗೇ ಹೋಯ್ತದೆ. ಟೀಚರಮ್ಮ ಮೀಟಿಂಗಿಗೆ ಹೋದ ದಿನ ಮಕ್ಕಳನ್ನ ನೋಡೋರ್ಯಾರು?” ಎಂದ. ಇನ್ನೊಬ್ಬ ಇಂಗ್ಲಿಷಿನ ಮಾತೆತ್ತಿದ. ಮತ್ತೊಬ್ಬ, “ಅವರ ಮಗ ಟೈ ಕಟ್ಕೊಂಡು ಹೋಗುವಾಗ ನಮ್ಮೋನು ಬರಿಗಾಲಲ್ಲಿ ನಿಂತು ನೋಡ್ತಾನೆ, ಕರುಳು ಕೇಳಲ್ಲ” ಎಂದ. ನಾಲ್ಕು ದಿನದ ನನ್ನ ಸಿದ್ಧತೆಯಲ್ಲಿ ಈ ಟೈ ಬಂದೇ ಇರಲಿಲ್ಲ.

ಕೊನೆಗೆ ನಾನು ಅಡುಗೆಯಾಕೆಯನ್ನೇ ಕೇಳಿದೆ: “ನಿನ್ನ ಮಕ್ಕಳು ಎಲ್ಲಿ ಓದ್ತಾರಮ್ಮ?”

“ಹಿರೀ ಮಗ ವ್ಯಾನಲ್ಲಿ ಹೋಯ್ತಾನೆ. ಮಗಳು ಇಲ್ಲೇ. ದುಡ್ಡು ಒಬ್ಬರಿಗೇ ಸಾಲೋದು, ಮೇಷ್ಟ್ರೇ.”

ಶಿಕ್ಷಕಿ ಮಾತಾಡದೆ ಹಾಜರಿ ಪುಸ್ತಕ ತೆರೆದು ನನ್ನ ಮುಂದಿಟ್ಟರು. 11 ಹೆಸರುಗಳಲ್ಲಿ 8 ಹೆಣ್ಣು. ಮೂರು ಗಂಡು ಮಕ್ಕಳು ವ್ಯಾನಿಗೆ ದುಡ್ಡೇ ಇಲ್ಲದ ಮನೆಯವರು. ಊರಿನ ಯಾವ ಮನೆಯಲ್ಲೂ ಹೆಣ್ಣುಮಗುವನ್ನು ಕೀಳಾಗಿ ಕಾಣಬೇಕೆಂದು ಯಾರೂ ನಿಶ್ಚಯ ಮಾಡಿರಲಿಲ್ಲ. ಇರುವ ದುಡ್ಡು ಒಬ್ಬರಿಗೇ ಸಾಲುವಾಗ ಆ ಒಬ್ಬರು ಯಾರೆಂಬುದು ಮಾತಿಲ್ಲದೆ ತೀರ್ಮಾನವಾಗಿಬಿಡುತ್ತಿತ್ತು. ಶಾಲೆ ಮುಚ್ಚಿದರೆ ವ್ಯಾನಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಹಳ್ಳ ದಾಟಿ, ಲಾರಿ ರಸ್ತೆ ದಾಟಿ ನಡೆಯಬೇಕಾದವರು ಈ ಎಂಟು ಹುಡುಗಿಯರು. ಮಳೆಗಾಲದಲ್ಲಿ ಎರಡು ದಿನ ನಡೆದು, ಮೂರನೆಯ ದಿನ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುವವರು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಪುಸ್ತಕ ಕೈಯಿಂದ ಕೈಗೆ ಹೋಗಿ, ಚಾಪೆಯ ಮೇಲೆ ಕುಳಿತಿದ್ದ ಹೆಂಗಸರವರೆಗೂ ಮುಟ್ಟಿತು.

ಅಲ್ಲಿಂದ ಮುಂದಿನದು ದೊಡ್ಡ ಹೋರಾಟವೇನಲ್ಲ; ಧ್ವಜ ಹಿಡಿಯಲಿಲ್ಲ, ಘೋಷಣೆ ಕೂಗಲಿಲ್ಲ. ಸರ್ಕಾರಿ ಶಾಲೆಗಳಿಗೆಲ್ಲ ಎಸ್.ಡಿ.ಎಂ.ಸಿ. ಎಂಬ ಪೋಷಕರ ಸಮಿತಿ 2001ರ ಆದೇಶದಿಂದ ಬಂದಿದೆ. ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮಲ್ಲಿ ಅದು ರುಜು ಹಾಕುವ ಸಮಿತಿಯಾಗಿತ್ತು. ಹೊಸದಾಗಿ ಆರಿಸಿದೆವು, ಜಗಲಿಯ ಚಾಪೆಯವರು ಒಳಗೆ ಬೆಂಚಿಗೆ ಬಂದರು. ಅವರು ಮೊದಲು ಬರೆಸಿದ ಅರ್ಜಿ, ಶಾಲೆ ಮುಚ್ಚಬೇಡಿ ಎಂದಲ್ಲ. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ನಮ್ಮ ಎರಡನೆಯವರು ಎಲ್ಲಿ, ಎಂದು. ಬೇಡಿಕೊಳ್ಳುವ ಅರ್ಜಿಗೂ ಕೇಳುವ ಅರ್ಜಿಗೂ ಎಷ್ಟು ವ್ಯತ್ಯಾಸವೆಂಬುದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ.

ಶಿಕ್ಷಕಿ ತಮ್ಮ ಪಾಲಿನ ಕೆಲಸ ಬೇರೆ ರೀತಿ ಮಾಡಿದರು. ಒಂದು ಶನಿವಾರ ವ್ಯಾನಿನ ಮಕ್ಕಳ ತಂದೆತಾಯಿಗಳನ್ನೂ ಕರೆದು ಪಾಠ ನೋಡಿ ಎಂದರು. ನಲಿ ಕಲಿ ಮೊದಲಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಋಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದ ಅಲ್ಲಿಯ ಶಿಕ್ಷಕರು ಅದನ್ನು ಕನ್ನಡ ಶಾಲೆಗೆ ಹೊಂದಿಸಿದರು. ಅದರಲ್ಲಿ ಒಂದು, ಎರಡು, ಮೂರನೆಯ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವಿಗೂ ತನ್ನ ಏಣಿ, ತನ್ನ ಮೆಟ್ಟಿಲು. ಮಗು ತಾನು ನಿಂತ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು, ತನ್ನ ಗುಂಪಿನ ತಟ್ಟೆಯ ಸುತ್ತ ಕುಳಿತು ಕಲಿಯುತ್ತದೆ. ಹಿಂದೆ ಬಿದ್ದರೆ ಬೈಗುಳವಿಲ್ಲ. ಬಿಟ್ಟಲ್ಲಿಂದಲೇ ಮುಂದಿನ ದಿನ ಹತ್ತಬಹುದು. ಹನ್ನೊಂದೇ ಮಕ್ಕಳಿರುವ ಶಾಲೆಗೆ ಇದು ಹೇಳಿಮಾಡಿಸಿದ್ದು. ಅಡುಗೆಯಾಕೆಯ ಮಗಳು, ಮೂರನೆಯ ತರಗತಿಯವಳು, ಆ ದಿನ ಒಂದನೆಯ ತರಗತಿಯ ಹುಡುಗನ ಕೈ ಹಿಡಿದು ಕಾಗುಣಿತ ತಿದ್ದಿಸುತ್ತಿದ್ದಳು. ವ್ಯಾನಿನ ಹುಡುಗನೊಬ್ಬನ ತಂದೆ ಬಹಳ ಹೊತ್ತು ನೋಡುತ್ತಾ ನಿಂತು, “ನಮ್ಮೋನಿಗೆ ಕನ್ನಡದ ಬೋರ್ಡು ಓದೋಕೆ ಇನ್ನೂ ಬರಲ್ಲ” ಎಂದ.

ಹೊರಗೆ ಬಂದಾಗ ಒಬ್ಬ ತಾಯಿ ಶಿಕ್ಷಕಿಯನ್ನೂ ಬಿಡಲಿಲ್ಲ: “ನಿಮ್ ಮಗಳನ್ನ ಎಲ್ಲಿಗೆ ಸೇರಿಸ್ತೀರಾ ಟೀಚರಮ್ಮ?” ಶಿಕ್ಷಕಿ, “ಈಗ ನಿಮ್ಮೂರ ಅಂಗನವಾಡಿಗೇ ಕರಕೊಂಡು ಬರ್ತಿದ್ದೀನಿ ಅಕ್ಕ. ಎರಡು ವರ್ಷದ ಮೇಲಿನ ಮಾತು ಈಗಲೇ ಕೊಟ್ಟರೆ ಸುಳ್ಳಾದೀತು” ಎಂದರು. 1994ರಲ್ಲಿ ನನಗೆ ಇಷ್ಟು ನೇರವಾಗಿ ಮಾತಾಡಲು ಬಂದಿರಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯಿತು. ಐದನೆಯ ತರಗತಿ ಮುಗಿಸಿ ಮೂವರು ಹೋಗಿದ್ದರು. ವ್ಯಾನಿನಿಂದ ಐವರು ಇಳಿದುಬಂದರು. ಒಂದನೆಯ ತರಗತಿಗೆ ಮೂವರು ಹೊಸಬರು ಸೇರಿದರು. ಒಟ್ಟು 16. ಒಬ್ಬ ಅತಿಥಿ ಶಿಕ್ಷಕಿ ಬಂದಿದ್ದಾರೆ. ಕಾಯಂ ಹುದ್ದೆಯ ಅರ್ಜಿ ಇನ್ನೂ ಎಲ್ಲೋ ಒಂದು ಮೇಜಿನ ಮೇಲಿದೆ. ಶಾಲೆ ಈ ವರ್ಷ ಉಳಿಯಿತು. ಮುಂದಿನ ವರ್ಷ ಮತ್ತೆ ಎಣಿಸಬೇಕು. ಗೆದ್ದೆವೆಂದು ಹೇಳುವಂತಿಲ್ಲ, ಸೋಲನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದೇವೆ. ಬೇಸಾಯ ಮಾಡುವವರಿಗೆ ಇದೇನೂ ಹೊಸದಲ್ಲ.

ಆ ಸಭೆಯಾದ ರಾತ್ರಿ ಪುಣೆಯಲ್ಲಿರುವ ಮಗನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದ್ದೆ. ನಕ್ಕುಬಿಡುತ್ತಾನೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದು ಚೆನ್ನಾಗೇ ಆಯ್ತು ಅಪ್ಪ, ಅದಕ್ಕೇನೂ ಕೊರತೆಯಿಲ್ಲ. ಆದರೆ ಜಾತ್ರೆಗೆ ಊರಿಗೆ ಬಂದರೆ ನನ್ನ ವಯಸ್ಸಿನವರು ಒಬ್ಬರೂ ನನ್ನನ್ನು ಹೆಸರು ಹಿಡಿದು ಕರೆಯಲ್ಲ. ಮೇಷ್ಟ್ರ ಮಗ ಅಂತಾರೆ” ಎಂದ. ಅವನಿಗೆ ಇಂಗ್ಲಿಷು ಕೊಡಿಸಿದ್ದೆ; ಒಂದು ಊರನ್ನು ಕಳೆದಿದ್ದೆ. ಲೆಕ್ಕದಲ್ಲಿ ಆ ಬಾಬ್ತನ್ನು ನಾನು ಹಾಕಿರಲೇ ಇಲ್ಲ.

ಈಗ ಮಂಗಳವಾರ ಮತ್ತು ಶುಕ್ರವಾರ ನಾನು ಶಾಲೆಗೆ ಹೋಗಿ ನಾಲ್ಕು, ಐದನೆಯ ತರಗತಿಯವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಶಿಕ್ಷಕಿ ಮೀಟಿಂಗಿಗೆ ಹೋದ ದಿನ ಸಮಿತಿಯ ತಾಯಂದಿರಲ್ಲಿ ಒಬ್ಬರು ಸರದಿಯಂತೆ ಬಂದು ಕೂರುತ್ತಾರೆ. ಅಡುಗೆಯಾಕೆಯ ಮಗಳು ನನ್ನ ತರಗತಿಗೆ ಬಂದಿದ್ದಾಳೆ; ಭಾಗಾಕಾರದಲ್ಲಿ ಶೇಷ ಉಳಿದರೆ ಅದನ್ನು ಯಾರಿಗೆ ಕೊಡುವುದು ಎಂದು ಕೇಳುತ್ತಾಳೆ. ಅವಳ ಅಣ್ಣ ಇನ್ನೂ ವ್ಯಾನಿನಲ್ಲೇ ಹೋಗುತ್ತಾನೆ. ಏಕೆಂದು ಅವರಮ್ಮನನ್ನು ನಾನು ಕೇಳಿಲ್ಲ. ಆ ಪ್ರಶ್ನೆ ಕೇಳುವ ಹಕ್ಕು ನನಗೆ ಇನ್ನೂ ಬಂದಿಲ್ಲ.