ಪಡುವಣ ದಿಕ್ಕಿನ ಕಿಟಕಿ

ಹೊಸ ಮನೆ ಕಟ್ಟುವಾಗ ನಾವು ಅಡಿಗಲ್ಲಿನ ಬಳಿ ನಿಂತು ಪ್ರಾರ್ಥಿಸುತ್ತೇವೆ. ತಲೆಬಾಗಿಲನ್ನು ನಿಲ್ಲಿಸುವ ದಿನ ನೆಂಟರಿಷ್ಟರನ್ನು ಕರೆದು ಸಿಹಿ ಹಂಚುತ್ತೇವೆ. ಗೃಹಪ್ರವೇಶದಂದು ಗುರುಗಳು ಕೋಣೆ ಕೋಣೆಗೂ ತೀರ್ಥ ಪ್ರೋಕ್ಷಿಸಿ ಆಶೀರ್ವದಿಸುತ್ತಾರೆ. ಕಿಟಕಿಗೆ ಮಾತ್ರ ಇಂಥ ಯಾವ ಮರ್ಯಾದೆಯೂ ಸಲ್ಲುವುದಿಲ್ಲ. ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವವರೆಗೆ ಅದರತ್ತ ಯಾರ ಗಮನವೂ ಹರಿಯದು. ಮಳೆಯ ನೀರು ಹಾಸಿಗೆಯವರೆಗೆ ಹರಿದು ಬಂದಾಗಲೇ ಮನೆಗೊಂದು ಕಿಟಕಿಯಿದೆಯೆಂಬ ನೆನಪು ನಮಗಾಗುವುದು. ನಿಮ್ಮಲ್ಲಿ ಅನೇಕರು ಗೆದ್ದಲು ಹಿಡಿದ ಹಳೆಯ ಮರದ ಕಿಟಕಿಗಳನ್ನು ಕೀಳಿಸಿ ಅಲ್ಯುಮಿನಿಯಮ್ ಕಿಟಕಿಗಳನ್ನು ಕೂಡಿಸುವ ಆಲೋಚನೆಯಲ್ಲಿರಬಹುದು. ಅಂಥವರಿಗೆ ನಮ್ಮ ಮನೆಯ ನಾಲ್ಕು ಕಿಟಕಿಗಳ ವೃತ್ತಾಂತ ಸ್ವಲ್ಪವಾದರೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ರಾಯಬಾಗ ತಾಲೂಕಿನ ಚಿಂಚಲಿ. ಮೀರಜದಿಂದ ಬೆಳಗಾವಿಗೆ ಬರುವ ರೈಲುಮಾರ್ಗದಲ್ಲಿ ಕುಡಚಿ ದಾಟಿದ ಮೇಲೆ, ರಾಯಬಾಗ ನಿಲ್ದಾಣಕ್ಕೆ ಮೊದಲು ಸಿಗುವ ಊರು. ಹೊರಗಿನವರಿಗೆ ಅದು ಮಾಯಕ್ಕನ ಚಿಂಚಲಿ. ಭಾರತ ಹುಣ್ಣಿಮೆಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಎತ್ತಿನ ಬಂಡಿ ಕಟ್ಟಿಕೊಂಡು ಜನ ಬರುತ್ತಾರೆ. ರೈಲ್ವೆಯಲ್ಲಿ ದುಡಿಯುತ್ತಿದ್ದ ನಮ್ಮ ತಂದೆ 1971ರಲ್ಲಿ ಇಲ್ಲಿ ಮನೆ ಕಟ್ಟಿಸಿದರು. ಕರಿಗಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣಿನ ಗಾರೆ, ಮೇಲೆ ಹಂಚು. ಗೋಡೆಯ ದಪ್ಪ ಎರಡು ಅಡಿ. ಅಂಥ ಗೋಡೆಯ ಕಿಟಕಿಯೆಂದರೆ ಮಕ್ಕಳು ಕಾಲು ಮಡಚಿ ಕುಳಿತುಕೊಳ್ಳುವಷ್ಟು ಜಾಗ. ನಾನೂ ನನ್ನ ತಮ್ಮನೂ ಪಾಠ ಓದಿದ್ದು ಅಲ್ಲಿಯೇ. ಪೌಲನ ದೀರ್ಘ ಬೋಧನೆಯನ್ನು ಕೇಳುತ್ತ ಕಿಟಕಿಯಲ್ಲಿ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ ಯುವಕನ ಕಥೆಯನ್ನು ಹೇಳಿ ಅವ್ವ ನಮ್ಮನ್ನು ಹೆದರಿಸುತ್ತಿದ್ದಳು. ನಮ್ಮ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಬೀದಿಯೂ ಮೂರೇ ಅಡಿ ಕೆಳಗಿತ್ತು. ಆದರೂ ನಮಗೆ ಹೆದರಿಕೆಯಾಗುತ್ತಿತ್ತು.

ಹಳೆಯ ಕಿಟಕಿಗಳನ್ನು ಹೇಗೆ ನಿಲ್ಲಿಸುತ್ತಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಮರದ ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳು ಎರಡೂ ಬದಿಗೆ ಒಂದು ಗೇಣಿನಷ್ಟು ಚಾಚಿಕೊಂಡಿರುತ್ತಿದ್ದವು. ಗೋಡೆ ಏಳುತ್ತಿರುವಾಗಲೇ ಚೌಕಟ್ಟನ್ನು ನಿಲ್ಲಿಸಿ, ಆ ಚಾಚುಗಳ ಮೇಲೆ ಕಲ್ಲು ಹೇರಿ ಗೋಡೆಯನ್ನು ಮುಂದುವರಿಸುತ್ತಿದ್ದರು. ಹೀಗಾಗಿ ಚೌಕಟ್ಟು ಗೋಡೆಯೊಳಗೆ ಬೇರು ಬಿಟ್ಟಂತೆ ಇರುತ್ತಿತ್ತು. ಅದರ ಸುತ್ತ ಸಂದು ಉಳಿಯುವ ಪ್ರಶ್ನೆಯೇ ಇರಲಿಲ್ಲ. ಮೇಲಾಗಿ, ಚೌಕಟ್ಟು ಗೋಡೆಯ ಹೊರ ಅಂಚಿನಿಂದ ಸಾಕಷ್ಟು ಒಳಗಿರುತ್ತಿದ್ದುದರಿಂದ ಮಳೆಯ ಹೊಡೆತ ಅದಕ್ಕೆ ನೇರವಾಗಿ ತಾಗುತ್ತಿರಲಿಲ್ಲ. ಈಗಿನ ಬದಲಿ ಕಿಟಕಿಯ ಸಂಗತಿಯೇ ಬೇರೆ. ಇದ್ದ ಗೋಡೆಯನ್ನು ಒಡೆದು, ಒಡೆದಲ್ಲಿ ಉಂಟಾದ ಅಂಕುಡೊಂಕಾದ ಬಾಯಿಯೊಳಗೆ ನೇರವಾದ ಲೋಹದ ಚೌಕಟ್ಟನ್ನು ಇಳಿಸಬೇಕು. ಎರಡರ ನಡುವಿನ ಸಂದಿನಲ್ಲಿಯೇ ಕಸುಬಿನ ಪರೀಕ್ಷೆಯೆಲ್ಲ ಅಡಗಿದೆ.

ಐವತ್ತು ವರ್ಷಗಳಲ್ಲಿ ನಮ್ಮ ಚೌಕಟ್ಟುಗಳು ಗೆದ್ದಲಿಗೆ ಆಹಾರವಾದವು. ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಪುಣೆಯಲ್ಲಿರುವ ತಮ್ಮ ಹಣ ಕಳುಹಿಸಿದ. ಗಡಿಯಾಚೆಯ ಪಟ್ಟಣವೊಂದರ ಅಂಗಡಿಯವರು ಬಂದು ಅಳತೆ ತೆಗೆದುಕೊಂಡು ಹೋದರು. ನಾಲ್ಕು ಕಿಟಕಿಗಳು, ಒಟ್ಟು 48 ಚದರ ಅಡಿ, ಚದರ ಅಡಿಗೆ 450 ರೂಪಾಯಿಯಂತೆ 21,600 ರೂಪಾಯಿ. 2022ರ ಏಪ್ರಿಲ್ ತಿಂಗಳಲ್ಲಿ ಒಂದು ಮುಂಜಾನೆ ಇಬ್ಬರು ಹುಡುಗರು ಟೆಂಪೋದಲ್ಲಿ ಬಂದಿಳಿದರು. ಸಂಜೆ ಐದಕ್ಕೆ ನಾಲ್ಕೂ ಕಿಟಕಿಗಳು ಕೂತಿದ್ದವು. ಗಾಜು ಹೊಳೆಯುತ್ತಿತ್ತು, ಬಾಗಿಲುಗಳು ಬೆರಳ ತುದಿಗೆ ಜಾರುತ್ತಿದ್ದವು. ಅವ್ವ ಎರಡು ಬಾರಿ ಸರಿಸಿ ನೋಡಿ, "ಹಗರ ಅದಾವ" ಎಂದಳು. ಅದು ಹೊಗಳಿಕೆಯೋ ಅಲ್ಲವೋ ಆಗ ತಿಳಿಯಲಿಲ್ಲ.

ಜೂನ್ ಎರಡನೆಯ ವಾರ ಮೃಗಶಿರಾ ಮಳೆ, ನಮ್ಮವರ ಬಾಯಲ್ಲಿ ‘ಮಿರಗ’, ಪಡುವಣ ಗಾಳಿಯೊಡನೆ ಬಂತು. ರಾತ್ರಿ ಎರಡರ ಹೊತ್ತಿಗೆ ಅವ್ವ ಕೂಗಿದಳು. ಅವಳ ಕೋಣೆಯ ಕಿಟಕಿ ಪಡುವಣಕ್ಕೆ, ಬೀದಿಯ ಕಡೆಗೆ ಇದೆ. ಕಿಟಕಿ ಮುಚ್ಚಿಯೇ ಇತ್ತು. ಕೆಳಗಿನ ಹಳಿಯಿಂದ ಮಾತ್ರ ನೀರು ತುಂಬಿ ಗೋಡೆಯಗುಂಟ ಒಳಕ್ಕೆ ಇಳಿಯುತ್ತಿತ್ತು. ಮಂಚದ ಆ ಬದಿಯ ಹಾಸಿಗೆ, ಕೌದಿ, ದಿಂಬು ಎಲ್ಲವೂ ತೊಯ್ದಿದ್ದವು. ಅವ್ವನಿಗೆ ಆಗ ಎಂಬತ್ತನಾಲ್ಕು ವರ್ಷ, ಮೇಲೆ ದಮ್ಮಿನ ಕಾಯಿಲೆ. ಆ ರಾತ್ರಿಯೇ ಅವಳನ್ನು ನಡುಮನೆಗೆ ಕರೆತಂದೆವು. ನಡುಮನೆಗೆ ಕಿಟಕಿಯಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಮಳಿ ಅಂದಮ್ಯಾಲ ಒಂದೀಟು ನೀರು ಬರಾವನ ರೀ" ಎಂದು ಉತ್ತರ ಬಂತು. ಆರನೆಯ ಕರೆಯ ನಂತರ ಒಬ್ಬ ಹುಡುಗ ಬಂದು ಹೊರಗಿನಿಂದ ಎಲ್ಲ ಸಂದುಗಳಿಗೂ ಸಿಲಿಕೋನ್ ಬಳಿದು ಹೋದ. ಮುಂದಿನ ಮಳೆಗೆ ಮೊದಲಿಗಿಂತ ಹೆಚ್ಚು ನೀರು ಒಳಗೆ ಬಂತು. ಮಳೆಗಾಲ ಮುಗಿದ ಮೇಲೆ ತೊಂದರೆ ತೀರೀತೆಂದುಕೊಂಡರೆ ಕಬ್ಬಿನ ಹಂಗಾಮು ಆರಂಭವಾಯಿತು. ನವೆಂಬರದಿಂದ ಹಗಲು ರಾತ್ರಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಮ್ಮ ಬೀದಿಯಲ್ಲಿ ಸಾಗುತ್ತವೆ. ಎರೆಮಣ್ಣಿನ ಸಣ್ಣ ಧೂಳು ಸಂದುಗಳಿಂದ ನುಸುಳಿ ನೆಲದ ಮೇಲೆ ತೆಳ್ಳಗೆ ಹರಡುತ್ತಿತ್ತು. ಫೆಬ್ರವರಿಯಲ್ಲಿ ಜಾತ್ರೆ ಬಂದಾಗ ಅದರ ಮೇಲೆ ಭಂಡಾರದ ಹಳದಿ ಬಣ್ಣವೂ ಸೇರಿತು. "ಕಿಡಕಿ ಮುಚ್ಚೇನಿ ಅಂತ ನೀ ಅಂತಿ, ಊರಾಗಿಂದೆಲ್ಲಾ ನನ್ನ ಕೌದಿ ಮ್ಯಾಲೇ ಐತಿ" ಎಂದು ಅವ್ವ ನಕ್ಕಳು. ನಕ್ಕದ್ದೇ ಕೆಮ್ಮಿಗೆ ದಾರಿಯಾಯಿತು.

ವಾಚಕರೇ, ನೀರು ಮತ್ತು ಧೂಳನ್ನು ಹೇಗಾದರೂ ಒರೆಸಿಕೊಳ್ಳಬಹುದಿತ್ತು. ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಬೇರೆಯೇ ಸಂಗತಿ. ಅವ್ವ ನಡೆದಾಡುವುದನ್ನು ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಆ ಕಿಟಕಿಯೇ ಅವಳ ಊರಾಗಿತ್ತು. ಮುಂಜಾನೆ ಹಾಲು ಹಾಕಲು ಹೋಗುವವರು, ಶಾಲೆಗೆ ಹೊರಟ ಮಕ್ಕಳು, ರೈಲಿಗೆ ತಡವಾಯಿತೆಂದು ಓಡುವವರು ಎಲ್ಲರೂ ಅವಳೊಡನೆ ಒಂದು ಮಾತನಾಡಿಯೇ ಮುಂದೆ ಹೋಗುತ್ತಿದ್ದರು. ಯಾರ ಮನೆಯಲ್ಲಿ ಬಾಣಂತನ, ಯಾರ ಎಮ್ಮೆ ಈದಿತು ಎಂಬುದು ನನಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ನಡುಮನೆಗೆ ಬಂದ ಮೇಲೆ ಅವಳು ಹೊತ್ತಿನ ಲೆಕ್ಕವನ್ನೇ ತಪ್ಪತೊಡಗಿದಳು. ಮಧ್ಯಾಹ್ನ ಎದ್ದು "ಬೆಳಗಾತೇನ?" ಎಂದು ಕೇಳುತ್ತಿದ್ದಳು. ಒಂದು ಕಿಟಕಿಯನ್ನು ಕೆಟ್ಟದಾಗಿ ಕೂಡಿಸಿದವರಿಗೆ ತಾವು ಏನನ್ನು ಕಸಿದುಕೊಂಡೆವೆಂಬುದು ತಿಳಿದಿರಲಾರದು.

2023ರ ಫೆಬ್ರವರಿ ಕೊನೆಗೆ ನಮ್ಮ ಓಣಿಯ ಹಿರಿಯ ಗೌಂಡಿಯೊಬ್ಬರನ್ನು ಕರೆಸಿದೆ. ಅವರು ಮೊದಲು ಏನನ್ನೂ ಮುಟ್ಟಲಿಲ್ಲ. ಒಂದು ತಂಬಿಗೆ ನೀರು ತರಿಸಿ ಹೊರಗಿನಿಂದ ಕೆಳಗಿನ ಹಳಿಗೆ ನಿಧಾನವಾಗಿ ಸುರಿದರು. ನೀರು ನೇರವಾಗಿ ಒಳಗೆ ಬಂತು. ಆಮೇಲೆ ಓಳಂಬ ಇಳಿಬಿಟ್ಟರು. ಚೌಕಟ್ಟು ಅರ್ಧ ಬೆರಳಿನಷ್ಟು ಒಳಕ್ಕೆ ವಾಲಿತ್ತು. ಅವರು ತೋರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವೆ. ಜಾರುವ ಕಿಟಕಿಯ ಕೆಳಹಳಿಗೆ ಮಳೆಯ ನೀರು ಬಂದೇ ಬರುತ್ತದೆ. ಅದಕ್ಕಾಗಿಯೇ ಹಳಿಯ ಹೊರಬದಿಯನ್ನು ತಗ್ಗಾಗಿ, ಒಳಬದಿಯನ್ನು ಎತ್ತರವಾಗಿ ಮಾಡಿ, ಹೊರಬದಿಯಲ್ಲಿ ನೀರು ಹೋಗಲು ಸಣ್ಣ ಕಂಡಿಗಳನ್ನು ಕೊರೆದಿರುತ್ತಾರೆ. ಪಡುವಣ ಕಿಟಕಿಯ ಚೌಕಟ್ಟನ್ನು ಹುಡುಗರು ತಿರುವುಮುರುವಾಗಿ ಕೂಡಿಸಿದ್ದರು. ಕಂಡಿಗಳು ಕೋಣೆಯ ಕಡೆಗಿದ್ದವು. ಉಳಿದ ಮೂರರಲ್ಲಿ ಕಂಡಿಗಳು ಹೊರಗೇ ಇದ್ದವು. ಆದರೆ ಸಿಲಿಕೋನ್ ಬಳಿದ ಹುಡುಗ ಅವುಗಳನ್ನೂ ಸಂದುಗಳೆಂದು ತಿಳಿದು ಮುಚ್ಚಿಬಿಟ್ಟಿದ್ದ. ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಬೇಕಾದುದು ಒಳಕ್ಕೆ ಇಳಿಜಾರಾಗಿತ್ತು. ಸಿಲಿಕೋನನ್ನು ಧೂಳಿನ ಮೇಲೆಯೇ ಹಚ್ಚಿದ್ದರಿಂದ ಅದು ಗೋಡೆಗೆ ಅಂಟದೆ ಧೂಳಿಗೆ ಅಂಟಿ, ಪಟ್ಟಿಯಂತೆ ಎದ್ದು ಬರುತ್ತಿತ್ತು. ತಿರುಪು ಮೊಳೆಗಳು ಕಲ್ಲಿಗೆ ತಾಗದೆ ಮಣ್ಣಿನ ಗಾರೆಯಲ್ಲಿ ನಿಂತಿದ್ದವು.

ಇನ್ನೊಂದು ಮಾತನ್ನು ನಾನೇ ಓದಿ ತಿಳಿದುಕೊಂಡೆ. ಅಲ್ಯುಮಿನಿಯಮ್ ಬಿಸಿಲಿಗೆ ಹಿಗ್ಗುತ್ತದೆ. ಐದಡಿ ಉದ್ದದ ಪಟ್ಟಿ ಮೂವತ್ತು ಡಿಗ್ರಿ ಶಾಖ ಏರಿದರೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕಲ್ಲು ಮತ್ತು ಸಿಮೆಂಟು ಅದರ ಅರ್ಧದಷ್ಟೂ ಹಿಗ್ಗುವುದಿಲ್ಲವೆನ್ನಬಹುದು. ಆದುದರಿಂದ ಸಂದನ್ನು ಬರೀ ಬಿಳಿ ಸಿಮೆಂಟಿನಿಂದ ಬಿಗಿದರೆ ಒಂದು ಬೇಸಿಗೆಯಲ್ಲಿಯೇ ಅದು ಬಿರುಕು ಬಿಡುತ್ತದೆ. ನಮ್ಮ ಎರೆ ಭೂಮಿಯೋ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿಬಿಡುವಂಥದು. ಅದರ ಮೇಲಿನ ಗೋಡೆ ಅಲುಗದೆ ಇರುವುದಿಲ್ಲ.

ಇಂಥ ಕೆಲಸಕ್ಕೆ ನಿಯಮಗಳೇ ಇಲ್ಲವೆಂದಲ್ಲ. ಲೋಹದ ಕಿಟಕಿಗಳನ್ನು ಕೂಡಿಸುವ ರೀತಿಯ ಬಗ್ಗೆ ಭಾರತೀಯ ಮಾನಕ ಐ.ಎಸ್. 1081 ಎಂಬುದು 1960ರಲ್ಲಿಯೇ ಬಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಏಪ್ರಿಲ್‌ನಿಂದ ಮನೆಯ ಕಿಟಕಿ ಬದಲಿಸುವುದೂ ಕಟ್ಟಡ ನಿಯಮಗಳಿಗೆ ಒಳಪಟ್ಟಿದ್ದು, ಕೆಲಸ ಸರಿಯಾಗಿದೆಯೆಂಬ ಪ್ರಮಾಣಪತ್ರ ಮನೆಯವರ ಕೈಗೆ ಬರಬೇಕು. ನಮ್ಮ ಹಳ್ಳಿಗಳಲ್ಲಿ ಗೃಹಸ್ಥನ ಕೈಗೆ ಬರುವುದು ಬಿಳಿಯ ಚೀಟಿಯ ಮೇಲೆ ಬರೆದ ಮೊತ್ತ ಮಾತ್ರ. ಪುಣ್ಯಕ್ಕೆ ನಮ್ಮಲ್ಲಿ ಆ ಚೀಟಿ ಇತ್ತು. ನೀವೂ ಇಂಥ ಚೀಟಿಯನ್ನು ಪಂಚಾಂಗದೊಳಗೋ ಬೈಬಲ್ಲಿನೊಳಗೋ ಇಟ್ಟು ಮರೆಯದೆ ಜೋಪಾನ ಮಾಡಿರಿ. ಸಾಧ್ಯವಾದರೆ ಕೆಲಸದ ಹೊಣೆ ಎಷ್ಟು ವರ್ಷವೆಂಬುದನ್ನೂ ಅದರಲ್ಲಿ ಬರೆಸಿರಿ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅಂಗಡಿ ಗಡಿಯಾಚೆಗಿದ್ದರೂ ನಾವು ಬೆಳಗಾವಿಗೆ ಹೋದರೆ ಸಾಕು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 1915 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಲಹೆಯೂ ದೊರೆಯುತ್ತದೆ.

ದೂರು ಕೊಡುವ ಮುನ್ನ, ಮಾರ್ಚ್ ತಿಂಗಳಲ್ಲಿ, ಚಿತ್ರಗಳನ್ನೂ ಚೀಟಿಯ ಪ್ರತಿಯನ್ನೂ ಲಗತ್ತಿಸಿ ಅಂಗಡಿಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದೆ. ಹದಿನೈದು ದಿನಗಳ ಗಡುವು ಕೊಟ್ಟಿದ್ದೆ. ಕ್ಷಮಿಸಿ ಸುಮ್ಮನಾಗಬಹುದಿತ್ತಲ್ಲವೇ ಎಂದು ನಮ್ಮ ಸಭೆಯ ಒಬ್ಬ ಹಿರಿಯರು ಕೇಳಿದರು. ನಾನು ಒಪ್ಪಲಿಲ್ಲ. ಕ್ಷಮೆ ಮನಸ್ಸಿನ ಮಾತು. ಕಿಟಕಿ ಸರಿಯಾಗಬೇಕಾದುದು ಗೋಡೆಯಲ್ಲಿ. ಮುಂದಿನ ಮನೆಯಲ್ಲಿಯೂ ಅವರು ಚೌಕಟ್ಟನ್ನು ತಿರುವುಮುರುವಾಗಿ ಕೂಡಿಸುವುದು ಯಾವ ದಯೆಯ ಲೆಕ್ಕಕ್ಕೆ ಸೇರೀತು?

ಹನ್ನೆರಡನೆಯ ದಿನ ಅದೇ ಹುಡುಗ ಬಂದು ಬಾಗಿಲಲ್ಲಿ ನಿಂತ. ಮಾಲೀಕರು ಕಳುಹಿಸಿದ್ದರು. ಹೆದರಿದ್ದ. ಚಹಾ ಕೊಟ್ಟು ಕೂಡಿಸಿ ಮಾತನಾಡಿಸಿದೆ. "ನಮಗ ಕಿಡಕಿಗಿ ಇಷ್ಟ್ ಅಂತ ಕೊಡ್ತಾರ್ರಿ ಅಕ್ಕಾರ. ದಿನಕ್ಕ ನಾಕ್ ಕೂಡ್ರಿಸಿದ್ರ ಪಗಾರ ಬೀಳತೈತಿ. ಓಳಂಬ ಹಿಡಕೊಂಡ ಕುಂತ್ರ ಹೊಟ್ಟಿಗೇನ್ ತಿನ್ನೂದ್ರಿ?" ಎಂದ. ಅವನಿಗೆ ಹತ್ತೊಂಬತ್ತು ವರ್ಷ. ಕಂಡಿಗಳು ಏತಕ್ಕಿವೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನನ್ನ ಕೋಪವೆಲ್ಲ ಆಗ ಅವನನ್ನು ದಾಟಿ, ಚದರ ಅಡಿಯ ಲೆಕ್ಕದಲ್ಲಿ ಹಣ ಎಣಿಸಿಕೊಂಡವರ ಕಡೆಗೆ ತಿರುಗಿತು.

ಸಿಮೆಂಟು ಮರಳು ನಮ್ಮದು, ಕೂಲಿ ಅವರದು ಎಂದು ತೀರ್ಮಾನವಾಯಿತು. ಮೇ ತಿಂಗಳಲ್ಲಿ ನಾಲ್ಕೂ ಕಿಟಕಿಗಳನ್ನು ಬಿಚ್ಚಿದರು. ಗೌಂಡಿಯವರು ಬಾಯಿಯ ನಾಲ್ಕೂ ಬದಿಗೆ ಗಟ್ಟಿ ಗಾರೆ ಹೊಡೆದು ಮೂಲೆಗಳನ್ನು ನೇರ ಮಾಡಿದರು, ಕೆಳಗಿನ ಕಟ್ಟೆಗೆ ಹೊರ ಇಳಿಜಾರು ಕೊಟ್ಟರು. ಹತ್ತು ದಿನ ನೀರುಣಿಸಿದರು. ಆ ಹತ್ತು ದಿನ ಬಾಯಿಗೆ ತಾಡಪತ್ರಿ ಕಟ್ಟಿಕೊಂಡಿದ್ದೆವು. ಬಳಿಕ ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಅಳೆದು ಕಡಿಮೆ ಬಂದ ಅಳತೆಯನ್ನೇ ಹಿಡಿದು ಚೌಕಟ್ಟನ್ನು ಕೂಡಿಸಲಾಯಿತು, ಈ ಬಾರಿ ಗೋಡೆಯ ಅಂಚಿನಿಂದ ನಾಲ್ಕು ಬೆರಳು ಒಳಗೆ. ಓಳಂಬವನ್ನು ಹುಡುಗನೇ ಹಿಡಿದ. ಸಂದಿನ ಧೂಳನ್ನು ಕುಂಚದಿಂದ ಕೊಡವಿ, ಒಣಗಿಸಿ, ಒಳಗೆ ಸ್ಪಂಜಿನ ಹಗ್ಗ ತುರುಕಿ, ಅದರ ಮೇಲೆ ಸಿಲಿಕೋನ್ ಎಳೆದರು. ಕಂಡಿಗಳನ್ನು ತಂತಿಯಿಂದ ಚುಚ್ಚಿ ತೆರೆದರು.

ಆ ವರ್ಷ ಮಿರಗ ಕೈಕೊಟ್ಟಿತು. 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಘೋಷಿತವಾದುದು ನಿಮಗೂ ನೆನಪಿರಬಹುದು. ಊರೆಲ್ಲ ಬಿತ್ತನೆಗಾಗಿ ಮುಗಿಲು ನೋಡುತ್ತಿರುವಾಗ ನಾನು ಕಿಟಕಿಯ ಪರೀಕ್ಷೆಗಾಗಿ ಮಳೆಯನ್ನು ಬೇಡುವುದು ನಾಚಿಕೆಯ ಮಾತಾಗಿತ್ತು. ನಾಲ್ಕು ಕೊಡ ನೀರು ಎರಚಿ ನೋಡಿದೆವು. ಒಳಗೆ ಹನಿಯೂ ಬರಲಿಲ್ಲ. ಅವ್ವನ ಮಂಚವನ್ನು ಮತ್ತೆ ಅವಳ ಕೋಣೆಗೆ ಸಾಗಿಸಿದೆವು. ಮುಂದೆ 2024ರ ಮಳೆಗಾಲದಲ್ಲಿ ಪಡುವಣ ಗಾಳಿ ಮನಸಾರೆ ಹೊಡೆಯಿತು. ಗಾಜಿಗೆ ಬಡಿದ ನೀರು ಹಳಿಗಿಳಿದು, ಕಂಡಿಗಳಿಂದ ಬೀದಿಯ ಕಡೆಗೆ ಸುರಿಯಿತು. ಅವ್ವ ಎದ್ದು ಕುಳಿತು ಅದನ್ನೇ ನೋಡುತ್ತಿದ್ದಳು.

ಅವಳ ತಕರಾರು ಒಂದು ಮಾತ್ರ ಉಳಿಯಿತು. ಜಾರುವ ಕಿಟಕಿ ಎಂದಿಗೂ ಅರ್ಧವೇ ತೆರೆಯುತ್ತದೆ. ಒಂದು ಬದಿ ತೆರೆದರೆ ಇನ್ನೊಂದು ಮುಚ್ಚಿಯೇ ಇರುತ್ತದೆ. ಹಳೆಯದರ ಎರಡೂ ಕದಗಳನ್ನು ಗೋಡೆಗೆ ಆನಿಸಿಬಿಡಬಹುದಿತ್ತು. "ಸ್ಟೇಶನ್ ಕಡಿಂದ ಬರಾವ್ರು ಕಾಣತಾರ, ಗುಡಿ ಕಡಿಂದ ಬರಾವ್ರು ಮಾತಾಡಿದಮ್ಯಾಲೇ ಗೊತ್ತಾಗತೈತಿ" ಎಂದು ಆಗಾಗ ಹೇಳುತ್ತಾಳೆ. ಆದುದರಿಂದ ಮುಂಜಾನೆ ಒಂದು ಬದಿ, ಸಂಜೆ ಇನ್ನೊಂದು ಬದಿ ಸರಿಸಿ ಇಡುತ್ತೇನೆ.